ಬಸುರಿನ ತುರಿಕೆ ಮತ್ತು ಒಪ್ಪಿಗೆ ಪತ್ರ: ಸಂಶೋಧನೆಗೆ ಸಹಿ ಹಾಕುವ ಮುನ್ನ ಗರ್ಭಿಣಿ ಮತ್ತು ಮನೆಯವರು ನೋಡಬೇಕಾದದ್ದು

ಏಳು ತಿಂಗಳು ತುಂಬಿದ ಮೇಲೆ ಒಂದು ರಾತ್ರಿ ಅಂಗೈ, ಅಂಗಾಲು ಕಡಿಯತೊಡಗುತ್ತವೆ. ಮೈಮೇಲೆ ಗುಳ್ಳೆಯಿಲ್ಲ, ದದ್ದಿಲ್ಲ; ಆದರೂ ನಿದ್ದೆ ಬರುವುದಿಲ್ಲ. ಮನೆಯ ಹಿರಿಯರು ಪಿತ್ತ ಹೆಚ್ಚಾಗಿದೆ ಎಂದು ಕೊಬ್ಬರಿ ಎಣ್ಣೆ ಸವರುತ್ತಾರೆ. ನಾಲ್ಕು ದಿನ ಕಳೆದು ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋದಾಗ, ಪರೀಕ್ಷೆ ಮುಗಿಸಿದ ಕಿರಿಯ ವೈದ್ಯೆ ‘ನಾವು ಇದರ ಬಗ್ಗೆ ಒಂದು ಅಧ್ಯಯನ ಮಾಡುತ್ತಿದ್ದೇವೆ, ನೀವೂ ಸೇರುತ್ತೀರಾ?’ ಎಂದು ನಾಲ್ಕು ಪುಟದ ಕಾಗದವನ್ನು ಮುಂದಿಡುತ್ತಾರೆ. ಆ ನಾಲ್ಕು ಪುಟವನ್ನು ಹೇಗೆ ಓದಬೇಕು, ಏನು ಕೇಳಬೇಕು, ಯಾವಾಗ ಸಹಿ ಹಾಕಬೇಕು ಅಥವಾ ಹಾಕದೆ ಎದ್ದು ಬರಬೇಕು ಎಂಬುದನ್ನು ಇಲ್ಲಿ ಹೇಳಹೊರಟಿದ್ದೇನೆ.

ನಾನು ವೈದ್ಯನಲ್ಲ. ಆಸ್ಪತ್ರೆಗಳಲ್ಲಿ ನಡೆಯುವ ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯಲ್ಲಿ ವೈದ್ಯಕೀಯಕ್ಕೆ ಸಂಬಂಧಪಡದ ಒಬ್ಬ ಸಾಮಾನ್ಯ ಸದಸ್ಯ ಇರಲೇಬೇಕೆಂದು ನಿಯಮವಿದೆ. ಅಂಥದೊಂದು ಕುರ್ಚಿಯಲ್ಲಿ ಕೆಲವು ವರ್ಷ ಕುಳಿತವನು. ಕನ್ನಡದ ಮಾಹಿತಿ ಪತ್ರಗಳನ್ನು ಓದಿ ತಿದ್ದುವ ಕೆಲಸ ಸಾಮಾನ್ಯವಾಗಿ ನನ್ನ ಪಾಲಿಗೇ ಬರುತ್ತಿತ್ತು. ಆ ಓದಿನಿಂದ ನಾನು ಕಲಿತದ್ದು ಮುಖ್ಯವಾಗಿ ಒಂದೇ: ಯಾವ ಅಧ್ಯಯನವೇ ಆಗಲಿ, ಅದು ಕೊನೆಗೆ ಏನನ್ನು ಎಣಿಸುತ್ತದೆ ಎಂಬುದನ್ನು ಮೊದಲು ಹುಡುಕಬೇಕು. ತಾಯಿಯ ತುರಿಕೆಯನ್ನೋ, ರಕ್ತದ ಒಂದು ಅಂಕಿಯನ್ನೋ, ಹುಟ್ಟುವ ಮಗುವಿನ ಕ್ಷೇಮವನ್ನೋ? ಈ ಮೂರೂ ಒಂದೇ ಅಲ್ಲ.

ಮೊದಲು ರೋಗದ ಹೆಸರು ತಿಳಿಯಿರಿ

ಸಂಶೋಧನೆಯ ಮಾತು ಆಮೇಲಿನದು. ಬಂದಿರುವುದು ಯಾವ ತುರಿಕೆ ಎಂಬುದು ಮೊದಲು ಗೊತ್ತಾಗಬೇಕು. ಚರ್ಮದ ತೊಂದರೆಯೆಂದು ಬಂದ 505 ಗರ್ಭಿಣಿಯರ ವಿವರಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಈಗ ವೈದ್ಯರು ಬಳಸುವ ವಿಂಗಡಣೆಗೆ ಆಧಾರವಾಗಿದೆ. ಅದರಲ್ಲಿ ಅರ್ಧದಷ್ಟು ಮಂದಿಗೆ ಇದ್ದದ್ದು ಅಲರ್ಜಿಯ ಮೈಗುಣದಿಂದ ಬರುವ ಇಸುಬು. ಇದು ಹೆಚ್ಚಾಗಿ ಏಳನೆಯ ತಿಂಗಳಿಗೆ ಮುಂಚೆಯೇ ಶುರುವಾಗುತ್ತದೆ ಮತ್ತು ಮಗುವಿಗೆ ಅಪಾಯ ತರುವುದಿಲ್ಲ. ಐದರಲ್ಲಿ ಒಬ್ಬರಿಗೆ ಹೊಟ್ಟೆ ಹಿಗ್ಗಿದ ಗೆರೆಗಳ ಮೇಲೆ ಏಳುವ ಕೆಂಪು ದದ್ದುಗಳಿದ್ದವು. ಚೊಚ್ಚಲು ಬಸುರಿನಲ್ಲಿ, ಅವಳಿ ಮಕ್ಕಳಿರುವಾಗ ಇದು ಹೆಚ್ಚು. ಇದು ಕಾಟ ಕೊಡುತ್ತದೆ, ಆದರೆ ಹೆರಿಗೆಯ ನಂತರ ತಾನಾಗಿ ಹೋಗುತ್ತದೆ. ಉಳಿದ ಎರಡು ವಿರಳ, ಆದರೆ ಗರ್ಭಿಣಿಯನ್ನು ಗಂಡಾಂತರದ ಪಟ್ಟಿಗೆ ಸೇರಿಸುವಂಥವು.

ಒಂದು, ಪೆಂಫಿಗಾಯ್ಡ್ ಜೆಸ್ಟೇಶನಿಸ್. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮದ ಪದರಗಳನ್ನು ಹಿಡಿದಿಟ್ಟಿರುವ ಒಂದು ಪ್ರೋಟೀನಿನ ಮೇಲೆ ತಿರುಗಿ ಬೀಳುವುದರಿಂದ ನೀರುಗುಳ್ಳೆಗಳೇಳುತ್ತವೆ. ಮನೆಯಲ್ಲೇ ಗಮನಿಸಬಹುದಾದ ಒಂದು ಗುರುತು ಹೊಕ್ಕುಳು: ಹಿಗ್ಗಿದ ಗೆರೆಗಳ ದದ್ದು ಸಾಮಾನ್ಯವಾಗಿ ಹೊಕ್ಕುಳನ್ನು ಬಿಟ್ಟು ಹರಡುತ್ತದೆ, ಪೆಂಫಿಗಾಯ್ಡ್ ಹಲವು ಸಲ ಹೊಕ್ಕುಳಿನ ಸುತ್ತಲೇ ಶುರುವಾಗುತ್ತದೆ. ಖಚಿತಪಡಿಸಲು ಚರ್ಮದ ಚಿಕ್ಕ ತುಣುಕು ತೆಗೆದು ವಿಶೇಷ ದೀಪದಡಿ ನೋಡುವ ಪರೀಕ್ಷೆ ಬೇಕು. ಇದರಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವ ಮತ್ತು ಮಗುವಿನ ತೂಕ ಕಡಿಮೆಯಾಗುವ ಸಂಭವ ಹೆಚ್ಚು.

ಇನ್ನೊಂದು, ಮೊದಲಿಗೆ ಹೇಳಿದ ಅಂಗೈ-ಅಂಗಾಲಿನ ರಾತ್ರಿ ಕಡಿತ. ಇದು ನಿಜಕ್ಕೂ ಚರ್ಮದ ರೋಗವೇ ಅಲ್ಲ, ಯಕೃತ್ತಿನದು. ಪಿತ್ತರಸ ಸರಾಗವಾಗಿ ಹರಿಯದೆ ಪಿತ್ತಾಮ್ಲಗಳು ರಕ್ತದಲ್ಲಿ ಉಳಿದುಬಿಡುವ ಈ ಸ್ಥಿತಿಗೆ ಗರ್ಭಕಾಲದ ಪಿತ್ತಸ್ತಂಭನ ಎನ್ನಬಹುದು. ವೈದ್ಯರ ಬಾಯಲ್ಲಿ ಕೊಲೆಸ್ಟಾಸಿಸ್. ಅಜ್ಜಿಯ ‘ಪಿತ್ತ’ಕ್ಕೂ ಪ್ರಯೋಗಾಲಯದ ಪಿತ್ತಾಮ್ಲಕ್ಕೂ ಶಾಸ್ತ್ರದ ಸಂಬಂಧವಿಲ್ಲವಾದರೂ, ಈ ಒಂದು ಸಂದರ್ಭದಲ್ಲಿ ಅಜ್ಜಿಯ ಮಾತು ತಪ್ಪಲ್ಲ, ಕೊಬ್ಬರಿ ಎಣ್ಣೆಯಷ್ಟೇ ಸಾಲದು. ಬ್ರಿಟನ್ನಿನ ಒಟ್ಟು ಗರ್ಭಿಣಿಯರಲ್ಲಿ ಇದು ನೂರಕ್ಕೆ 0.7ರಷ್ಟಿದ್ದರೆ ಅಲ್ಲೇ ನೆಲೆಸಿರುವ ಭಾರತ, ಪಾಕಿಸ್ತಾನ ಮೂಲದ ಮಹಿಳೆಯರಲ್ಲಿ 1.2ರಿಂದ 1.5ರಷ್ಟು ಕಾಣುತ್ತದೆ, ಆದ್ದರಿಂದ ಇದನ್ನು ಪರದೇಶದ ರೋಗವೆಂದು ಬದಿಗಿಡುವಂತಿಲ್ಲ.

ಮೈಮೇಲೆ ದದ್ದಿಲ್ಲದೆ ತುರಿಕೆಯಿದ್ದರೆ ‘ಬೈಲ್ ಆ್ಯಸಿಡ್ ಪರೀಕ್ಷೆ ಮಾಡಿಸಬೇಕೇ?’ ಎಂದು ನೀವೇ ಬಾಯಿಬಿಟ್ಟು ಕೇಳಿ. ಕಾಮಾಲೆಗೆ ನೋಡುವ ಬಿಲಿರುಬಿನ್ ಸರಿಯಾಗಿದ್ದರೂ ಪಿತ್ತಾಮ್ಲ ಏರಿರಬಹುದು. ಒಮ್ಮೆ ಸರಿಯಾಗಿ ಬಂದರೂ ತುರಿಕೆ ನಿಲ್ಲದಿದ್ದರೆ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ಊಟದ ನಂತರ ಈ ಅಂಕಿ ಏರುವುದರಿಂದ, ರಕ್ತ ಕೊಟ್ಟದ್ದು ಊಟಕ್ಕೆ ಮೊದಲೋ ಆಮೇಲೋ ಎಂಬುದನ್ನು ವರದಿಯ ಅಂಚಿನಲ್ಲಿ ಬರೆದಿಡಿ. ಬ್ರಿಟನ್ನಿನ ಪ್ರಸೂತಿ ತಜ್ಞರ ಸಂಘದ 2022ರ ಮಾರ್ಗಸೂಚಿಯ ಪ್ರಕಾರ ಲೀಟರಿಗೆ 19 ಮೈಕ್ರೋಮೋಲ್ ಮುಟ್ಟಿದರೆ ರೋಗವಿದೆಯೆಂದೂ, 40 ಮುಟ್ಟಿದರೆ ಮಧ್ಯಮವೆಂದೂ, 100 ಮುಟ್ಟಿದರೆ ತೀವ್ರವೆಂದೂ ಎಣಿಸುತ್ತಾರೆ. ಈ 100ರ ಗೆರೆ ಸುಮ್ಮನೆ ಎಳೆದದ್ದಲ್ಲ. ಹಲವು ದೇಶಗಳ ದಾಖಲೆಗಳನ್ನು ಒಟ್ಟು ಸೇರಿಸಿ 2019ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯಲ್ಲಿ, 40ಕ್ಕಿಂತ ಕಡಿಮೆಯಿದ್ದವರಲ್ಲಿ ಹೊಟ್ಟೆಯಲ್ಲೇ ಮಗು ತೀರಿಕೊಂಡದ್ದು ನೂರಕ್ಕೆ 0.13, 40ರಿಂದ 99ರವರೆಗೆ 0.28, ಆದರೆ 100 ಮತ್ತು ಮೇಲ್ಪಟ್ಟವರಲ್ಲಿ 3.44. ಮೊದಲೆರಡು ಅಂಕಿಗಳನ್ನು ನೋಡಿ ಬಹುಪಾಲು ತಾಯಂದಿರು ನೆಮ್ಮದಿಯಿಂದ ಮಲಗಬಹುದು. ಮೂರನೆಯದನ್ನು ಮಾತ್ರ ಯಾರೂ ಹಗುರವಾಗಿ ನೋಡುವಂತಿಲ್ಲ.

ಒಂದು ಎಚ್ಚರಿಕೆ. ಮಗುವಿನ ಮಿಸುಕಾಟ ಕಡಿಮೆಯಾಗಿದೆ ಅನಿಸಿದರೆ, ಕಣ್ಣು ಹಳದಿಯಾದರೆ, ಜ್ವರದ ಜೊತೆ ಮೈಮೇಲೆ ಕೀವುಗುಳ್ಳೆಗಳು ಎದ್ದರೆ ಯಾವ ಕಾಗದವನ್ನೂ ಓದುತ್ತ ಕೂರಬೇಡಿ, ನೇರವಾಗಿ ಹೆರಿಗೆ ವಿಭಾಗಕ್ಕೆ ಹೋಗಿ. ಗಂಡಾಂತರ ಗರ್ಭಿಣಿ ಎಂದು ಗುರುತಾಗಿದ್ದರೆ ತಾಯಿ ಕಾರ್ಡಿನ ಮೇಲೆ ಕೆಂಪು ಚೀಟಿ ಅಂಟಿಸಿರುತ್ತಾರೆ. ಕಾರ್ಡನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.

ಏನನ್ನು ಎಣಿಸುತ್ತಾರೆ?

ಗರ್ಭಿಣಿಯರ ಮೇಲೆ ಸಂಶೋಧನೆ ಮಾಡುವುದೇ ತಪ್ಪು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ, ಅದಕ್ಕೆ ಕಾರಣವೂ ಇದೆ. 1957ರಲ್ಲಿ ಜರ್ಮನಿಯ ಮಾರುಕಟ್ಟೆಗೆ ಬಂದ ಥಾಲಿಡೋಮೈಡ್ ಮಾತ್ರೆಯನ್ನು 1961ರ ಕೊನೆಗೆ ಹಿಂತೆಗೆದುಕೊಳ್ಳುವಷ್ಟರಲ್ಲಿ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. ಆದರೆ ಆ ದುರಂತ ನಡೆದದ್ದು ಗರ್ಭಿಣಿಯರ ಮೇಲೆ ಪ್ರಯೋಗ ಮಾಡಿದ್ದರಿಂದಲ್ಲ, ಸರಿಯಾದ ಪರೀಕ್ಷೆಯಿಲ್ಲದೆಯೇ ಅವರಿಗೆ ಮಾತ್ರೆ ಮಾರಿದ್ದರಿಂದ. ಪರೀಕ್ಷಿಸದ ಔಷಧಿಯನ್ನು ಸುಮ್ಮನೆ ನುಂಗುವುದಕ್ಕಿಂತ ಲೆಕ್ಕವಿಟ್ಟು ಪರೀಕ್ಷಿಸುವುದು ಸುರಕ್ಷಿತ ಎಂಬುದು ನನ್ನ ನಿಲುವು.

ಪಿತ್ತಸ್ತಂಭನಕ್ಕೆ ಕೊಡುವ ಉರ್ಸೋಡಿಯೋಕ್ಸಿಕೋಲಿಕ್ ಆಮ್ಲದ ಮಾತ್ರೆಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಎಷ್ಟೋ ವರ್ಷಗಳಿಂದ ಬಹುತೇಕ ವೈದ್ಯರು ಇದನ್ನು ಬರೆದುಕೊಡುತ್ತಿದ್ದರು, ಮಗುವಿಗೆ ಒಳಿತಾಗುತ್ತದೆ ಎಂಬ ನಂಬಿಕೆಯೂ ಇತ್ತು. ಇಂಗ್ಲೆಂಡ್ ಮತ್ತು ವೇಲ್ಸಿನ 33 ಆಸ್ಪತ್ರೆಗಳಲ್ಲಿ 2015ರ ಕೊನೆಯಿಂದ 2018ರವರೆಗೆ, ಲೂಸಿ ಚಾಪೆಲ್ ಅವರ ನೇತೃತ್ವದಲ್ಲಿ, ಪಿಚಸ್ ಎಂಬ ಹೆಸರಿನ ಪ್ರಯೋಗ ನಡೆಯಿತು. 605 ಗರ್ಭಿಣಿಯರಲ್ಲಿ ಅರ್ಧದಷ್ಟು ಮಂದಿಗೆ ಉರ್ಸೋ ಮಾತ್ರೆ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ತಾಯಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ಅವರು ಮುಖ್ಯವಾಗಿ ಎಣಿಸಿದ್ದು ಮಗುವಿಗೆ ಸಂಬಂಧಿಸಿದ ಮೂರು ಸಂಗತಿಗಳನ್ನು ಕೂಡಿಸಿ: ಮಗುವಿನ ಸಾವು, 37 ವಾರಕ್ಕೆ ಮುನ್ನ ಹೆರಿಗೆ, ನವಜಾತ ಶಿಶು ವಿಭಾಗದಲ್ಲಿ ಕನಿಷ್ಠ 4 ಗಂಟೆ ಇರಿಸಿಕೊಂಡದ್ದು. ಈ ಮೂರರಲ್ಲಿ ಒಂದಾದರೂ ಆದದ್ದು ಉರ್ಸೋ ಪಡೆದವರ ಮಕ್ಕಳಲ್ಲಿ ನೂರಕ್ಕೆ 23, ಉಳಿದವರಲ್ಲಿ 27. ಈ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು.

ತುರಿಕೆಯನ್ನೂ ಅವರು ಅಳೆದರು. 100 ಮಿಲಿಮೀಟರಿನ ಗೆರೆಯೊಂದನ್ನು ಎಳೆದು, ಒಂದು ತುದಿಯಲ್ಲಿ ತುರಿಕೆಯೇ ಇಲ್ಲ, ಇನ್ನೊಂದು ತುದಿಯಲ್ಲಿ ಊಹಿಸಲಾಗದ ತುರಿಕೆ ಎಂದಿಟ್ಟು, ಇಂದು ನಿಮ್ಮದು ಎಲ್ಲಿದೆ ಎಂದು ಗುರುತು ಹಾಕಿಸಿದರು. ಉರ್ಸೋ ಪಡೆದವರಲ್ಲಿ ಸರಾಸರಿ 5.7 ಮಿಲಿಮೀಟರ್ ಇಳಿಕೆ ಹೆಚ್ಚು ಕಂಡಿತು. ನಿಮ್ಮ ಅಡಿಪಟ್ಟಿಯ ಮೇಲೆ ಅಷ್ಟು ಉದ್ದವನ್ನು ನೋಡಿ: ಸೊನ್ನೆಯಿಂದ ಆರನೆಯ ಚಿಕ್ಕ ಗೆರೆಯನ್ನೂ ಅದು ಮುಟ್ಟುವುದಿಲ್ಲ. ರಾತ್ರಿಯೆಲ್ಲ ಕೆರೆದುಕೊಳ್ಳುವವಳಿಗೆ ಅದು ಎಷ್ಟರ ಸಮಾಧಾನ ಎಂಬುದನ್ನು ಅವಳೇ ಹೇಳಬೇಕು. ಹಾಗಿದ್ದೂ ಲೆಕ್ಕದ ಭಾಷೆಯಲ್ಲಿ ಅದು ‘ಗಣನೀಯ ವ್ಯತ್ಯಾಸ’ವೇ. ಈ ಪ್ರಯೋಗ ತುರಿಕೆಯನ್ನಷ್ಟೇ ಎಣಿಸಿದ್ದರೆ ‘ಮಾತ್ರೆ ಫಲಕಾರಿ’ ಎಂಬ ಒಂದು ಸಾಲು ಪತ್ರಿಕೆಗಳಲ್ಲಿ ಬಂದು, ಮಗುವಿನ ವಿಷಯ ಅಲ್ಲಿಗೇ ಮುಚ್ಚಿಹೋಗುತ್ತಿತ್ತು. ಇದನ್ನು ಓದಿ ನಿಮ್ಮ ವೈದ್ಯರು ಕೊಟ್ಟಿರುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಯಾವ ಕಾರಣಕ್ಕೆ ಕೊಟ್ಟಿದ್ದಾರೆ ಎಂದು ಕೇಳಿ, ಅಷ್ಟು ಸಾಕು.

ಆದ್ದರಿಂದ ಮಾಹಿತಿ ಪತ್ರ ಕೈಗೆ ಬಂದಾಗ ‘ಅಧ್ಯಯನದ ಉದ್ದೇಶ’ ಎಂಬ ಸಾಲಿನಲ್ಲೇ ನಿಲ್ಲದೆ, ‘ಕೊನೆಯಲ್ಲಿ ನೀವು ಎಣಿಸುವುದು ಏನನ್ನು? ಅದು ನನ್ನದೋ ಮಗುವಿನದೋ?’ ಎಂದು ಕೇಳಿ. ಎರಡು ಮೂರು ಸಂಗತಿಗಳನ್ನು ಕೂಡಿಸಿ ಎಣಿಸುವುದಾದರೆ ಅವನ್ನು ಬಿಡಿಬಿಡಿಯಾಗಿ ಹೇಳಿಸಿಕೊಳ್ಳಿ, ಏಕೆಂದರೆ ನಾಲ್ಕು ಗಂಟೆ ಶಿಶು ವಿಭಾಗದಲ್ಲಿದ್ದು ಬರುವುದೂ ಮಗು ಉಳಿಯದಿರುವುದೂ ಒಂದೇ ತೂಕದವಲ್ಲ.

ಇದಕ್ಕೆ ಜೋಡಿಯಾದ ಎರಡನೆಯ ಪ್ರಶ್ನೆ, ‘ಯಾವುದರ ಜೊತೆ ಹೋಲಿಸುತ್ತೀರಿ?’. ಲೂಪಸ್ ಎಂಬ ರೋಗದಲ್ಲಿ ಮುಖದ ಮೇಲೆ ಚಿಟ್ಟೆಯಾಕಾರದ ಕೆಂಪು ಬರುವುದನ್ನು ಕೆಲವರು ನೋಡಿರಬಹುದು. ಈ ರೋಗವಿರುವ ಹಲವರ ರಕ್ತದಲ್ಲಿ ಆ್ಯಂಟಿ-ರೋ ಎಂಬ ಪ್ರತಿಕಾಯವಿರುತ್ತದೆ. ಅದು ಗರ್ಭದ ಮಗುವಿಗೆ ದಾಟಿ, ನೂರರಲ್ಲಿ ಸುಮಾರು ಇಬ್ಬರು ಶಿಶುಗಳ ಹೃದಯದ ಬಡಿತದ ದಾರಿಯನ್ನೇ ತಡೆಯಬಲ್ಲದು. ಒಂದು ಮಗುವಿಗೆ ಹೀಗಾಗಿದ್ದರೆ ಮುಂದಿನದಕ್ಕೆ ಆಗುವ ಸಂಭವ ನೂರಕ್ಕೆ 18ರಷ್ಟು. ಅಂಥ ತಾಯಂದಿರಿಗೆ ಮುಂದಿನ ಬಸುರಿನ ಹತ್ತನೆಯ ವಾರದೊಳಗೆ ದಿನಕ್ಕೆ 400 ಮಿಲಿಗ್ರಾಂ ಹೈಡ್ರಾಕ್ಸಿಕ್ಲೋರೋಕ್ವಿನ್ ಶುರುಮಾಡಿದ ಪ್ಯಾಚ್ ಎಂಬ ಅಧ್ಯಯನದಲ್ಲಿ, 54ರಲ್ಲಿ 4 ಶಿಶುಗಳಿಗೆ, ಎಂದರೆ ನೂರಕ್ಕೆ 7.4ರಷ್ಟಕ್ಕೆ, ತೊಂದರೆ ಕಂಡಿತು. ಇಲ್ಲಿ ಔಷಧಿಯಿಲ್ಲದ ಗುಂಪು ಇರಲಿಲ್ಲ. ಹೋಲಿಕೆ ಹಳೆಯ ದಾಖಲೆಗಳ ಜೊತೆ. ರೋಗ ವಿರಳವಾಗಿದ್ದು ಔಷಧಿ ಹಳೆಯದಾಗಿದ್ದಾಗ ಇಂಥ ಕ್ರಮ ಒಪ್ಪತಕ್ಕದ್ದೇ, ಆದರೆ ಆ ಅಂಕಿಯನ್ನು ಪಿಚಸ್‌ನ ಅಂಕಿಯಷ್ಟೇ ಗಟ್ಟಿ ಎಂದು ತಿಳಿಯಬಾರದು.

ಕಾಗದವನ್ನು ಓದುವ ಬಗೆ

ಮೊದಲ ಪುಟದಲ್ಲಿ ಸಿಟಿಆರ್‌ಐ ಸಂಖ್ಯೆ, ಎಂದರೆ ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಸಂಖ್ಯೆ, ಇದೆಯೇ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ 2007ರ ಜುಲೈನಲ್ಲಿ ಆರಂಭವಾದ ಈ ನೋಂದಣಿಯ ಜಾಲತಾಣದಲ್ಲಿ ಸಂಖ್ಯೆಯನ್ನು ಹಾಕಿದರೆ ಯಾರು ಬೇಕಾದರೂ ವಿವರ ನೋಡಬಹುದು. 2018ರ ಏಪ್ರಿಲ್‌ನಿಂದ, ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ನೋಂದಣಿಯಾಗಿರಬೇಕು. ಅಲ್ಲಿರುವುದು ಇಂಗ್ಲಿಷ್‌ನಲ್ಲಿ, ಓದಲು ಬರುವ ಮಕ್ಕಳೋ ನೆಂಟರೋ ಇದ್ದರೆ ಮುಖ್ಯ ಫಲಿತಾಂಶ ಎಂಬ ಭಾಗವನ್ನಷ್ಟೇ ಓದಿಸಿಕೊಂಡು, ವೈದ್ಯೆ ಬಾಯಿಮಾತಿನಲ್ಲಿ ಹೇಳಿದ್ದಕ್ಕೂ ಅದಕ್ಕೂ ತಾಳೆ ನೋಡಿ. ಕೇಳಿದವರು ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದರೆ ಅದು ಅವರ ಪ್ರಬಂಧದ ಕೆಲಸವಿರಬಹುದು. ಅದರಲ್ಲಿ ತಪ್ಪೇನಿಲ್ಲ, ಆದರೆ ಅವರ ಮಾರ್ಗದರ್ಶಕರ ಹೆಸರೂ ದೂರವಾಣಿ ಸಂಖ್ಯೆಯೂ ಎಥಿಕ್ಸ್ ಕಮಿಟಿಯ ಸಂಪರ್ಕವೂ ಕಾಗದದಲ್ಲಿರಬೇಕು.

ಕನ್ನಡ ಕಠಿಣವಾಗಿದ್ದರೆ ನಾಚಿಕೆ ಪಡಬೇಕಾದವರು ನೀವಲ್ಲ, ಬರೆದವರು. ‘ತಮ್ಮನ್ನು ಯಾದೃಚ್ಛಿಕವಾಗಿ ಎರಡು ಭುಜಗಳಲ್ಲಿ ಒಂದಕ್ಕೆ ಹಂಚಲಾಗುವುದು’ ಎಂಬ ವಾಕ್ಯ ಒಮ್ಮೆ ನನ್ನ ಮುಂದೆ ಬಂದಿತ್ತು. ಇಂಗ್ಲಿಷ್‌ನಲ್ಲಿ ಗುಂಪಿಗೆ ಬಳಸುವ ಪದ ಕನ್ನಡಕ್ಕೆ ಬರುವಾಗ ತೋಳಾಗಿ, ಭುಜವಾಗಿಬಿಟ್ಟಿತ್ತು; ಸಮಿತಿಯಲ್ಲಿ ಅದನ್ನು ಓದಿ ಹೇಳಿದಾಗ ನಕ್ಕೆವು, ಆದರೆ ಭುಜಕ್ಕೆ ಚುಚ್ಚುಮದ್ದು ಎಂದು ತಿಳಿದು ಸಹಿ ಹಾಕುವ ಹೆಂಗಸು ಕಣ್ಣ ಮುಂದೆ ಬಂದಳು. ‘ನಾಣ್ಯ ಚಿಮ್ಮಿದಂತೆ, ನೀವು ಯಾವ ಗುಂಪಿಗೆ ಸೇರುತ್ತೀರಿ ಎಂಬುದನ್ನು ವೈದ್ಯರು ಆರಿಸುವುದಿಲ್ಲ’ ಎಂದು ತಿದ್ದಿಸಿದೆವು. ತಿಳಿಯದ ಪದವಿದ್ದರೆ ಅದರ ಕೆಳಗೆ ಗೆರೆ ಎಳೆದು ‘ಇದನ್ನು ಬಾಯಲ್ಲಿ ಹೇಳಿ’ ಎನ್ನಿ.

ಚರ್ಮದ ಅಧ್ಯಯನಗಳಲ್ಲಿ ಎರಡು ವಿಷಯಗಳನ್ನು ಪ್ರತ್ಯೇಕವಾಗಿ ನೋಡಬೇಕು. ಒಂದು ಬಯಾಪ್ಸಿ, ಎಂದರೆ ಪರೀಕ್ಷೆಗೆ ಚರ್ಮದ ತುಣುಕು ತೆಗೆಯುವುದು: ಚಿಕಿತ್ಸೆಗೇ ಬೇಕಾದ ತುಣುಕು ಯಾವುದು, ಅಧ್ಯಯನಕ್ಕಾಗಿ ಹೆಚ್ಚುವರಿಯಾಗಿ ತೆಗೆಯುವುದು ಯಾವುದು ಎಂದು ಬಿಡಿಸಿ ಕೇಳಿ. ಜಾಗ ಮರಗಟ್ಟಿಸುವ ಚುಚ್ಚುಮದ್ದು ಬಸುರಿನಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದೇ, ಆದರೆ ಒಂದರ ಬದಲು ಮೂರು ತುಣುಕು ಎಂದರೆ ಕಾರಣ ಹೇಳಬೇಕಾದ್ದು ಅವರು. ಇನ್ನೊಂದು ಛಾಯಾಚಿತ್ರ. ಹೊಟ್ಟೆಯ, ಎದೆಯ ಚಿತ್ರಗಳನ್ನು ತೆಗೆಯುವುದಾದರೆ ಅದಕ್ಕೆ ಬೇರೆಯೇ ಒಪ್ಪಿಗೆ ಇರಬೇಕು. ಯಾರ ಫೋನಿನಲ್ಲಿ ತೆಗೆಯುತ್ತಾರೆ, ಎಲ್ಲಿ ಇಡುತ್ತಾರೆ, ಮುಖವೋ ಹಚ್ಚೆಯೋ ತಾಳಿಯೋ ಕಾಣುತ್ತದೆಯೇ ಎಂದು ಕೇಳಿ. ಚಿತ್ರಕ್ಕೆ ಒಪ್ಪದೆಯೂ ಅಧ್ಯಯನಕ್ಕೆ ಸೇರಬಹುದೇ ಎಂದೂ ಕೇಳಬಹುದು.

ಮುಲಾಮಿನ ಅಧ್ಯಯನವಾದರೆ ಒಟ್ಟು ಎಷ್ಟು ಗ್ರಾಂ ಎಂದು ಕೇಳಿ. ಸ್ಟೀರಾಯ್ಡ್ ಮುಲಾಮುಗಳನ್ನು ಬಸುರಿನಲ್ಲಿ ವೈದ್ಯರು ಬಳಸುತ್ತಾರೆ. ಆದರೆ ಪ್ರಬಲವಾದವುಗಳನ್ನು ಇಡೀ ಬಸುರಿನಲ್ಲಿ 300 ಗ್ರಾಂಗಿಂತ ಹೆಚ್ಚು ಹಚ್ಚಿದವರಲ್ಲಿ ಮಗುವಿನ ತೂಕ ಕಡಿಮೆಯಾದದ್ದು ಕಂಡುಬಂದಿದೆ.

ಬಸುರಾಗುವ ಮೊದಲೇ ಸೋರಿಯಾಸಿಸ್, ಮೊಡವೆ ಮುಂತಾದವುಗಳ ಪ್ರಯೋಗದಲ್ಲಿದ್ದವರಿಗೆ ಒಂದು ಮಾತು: ಮುಟ್ಟು ತಪ್ಪಿದ ಕೂಡಲೇ ತಿಳಿಸಿ. ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ನಿಲ್ಲಿಸಿ ಒಂದು ತಿಂಗಳವರೆಗೆ, ಸೋರಿಯಾಸಿಸ್‌ಗೆ ಕೊಡುವ ಆಸಿಟ್ರೆಟಿನ್ ನಿಲ್ಲಿಸಿ ಮೂರು ವರ್ಷದವರೆಗೆ ಬಸುರಾಗಬಾರದು. ಸೋರಿಯಾಸಿಸ್‌ನ ಇನ್ನೊಂದು ಔಷಧಿ ಮೆಥೋಟ್ರೆಕ್ಸೇಟ್ ಬಸುರಿನಲ್ಲಿ ಸಲ್ಲದು.

ಸಹಿ, ತವರು, ಹೆರಿಗೆ

ಕಾಗದವನ್ನು ಮನೆಗೆ ಒಯ್ದು ಓದುವ ಹಕ್ಕು ನಿಮಗಿದೆ. ಅತ್ತೆಯೋ ಗಂಡನೋ ಅಮ್ಮನೋ ಜೊತೆಗೆ ಕುಳಿತು ಚರ್ಚಿಸಲಿ, ಆದರೆ ಸಹಿ ಗರ್ಭಿಣಿಯದೇ ಆಗಿರಬೇಕು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಆ ಅಧ್ಯಯನಕ್ಕೆ ಸೇರದ ಸಾಕ್ಷಿಯೊಬ್ಬರು ಆರಂಭದಿಂದ ಕೊನೆಯವರೆಗೆ ಹಾಜರಿರಬೇಕು. ಹೊಚ್ಚಹೊಸ ಔಷಧಿಯ ಪ್ರಯೋಗವಾದರೆ, ಔಷಧಿ ಪ್ರಯೋಗಗಳಿಗೆ ಕೇಂದ್ರ ಸರ್ಕಾರ ಮಾಡಿದ 2019ರ ನಿಯಮಗಳ ಪ್ರಕಾರ, ದುರ್ಬಲ ಸ್ಥಿತಿಯಲ್ಲಿರುವವರ ಒಪ್ಪಿಗೆಯನ್ನು ವಿಡಿಯೊ ಮಾಡಿ ಇಡಬೇಕು. ಕುಷ್ಠರೋಗದ ಮತ್ತು ಎಚ್‌ಐವಿಯ ಔಷಧಿಗಳಿಗೆ ಮಾತ್ರ ಮುಖ ಕಾಣದಂತೆ ಧ್ವನಿಮುದ್ರಣ ಸಾಕೆಂದು ಬಿಟ್ಟಿರುವುದು ಮನುಷ್ಯರ ಸಂಕಟ ತಿಳಿದವರು ಬರೆದ ಸಾಲು ಎಂದು ನನಗನಿಸುತ್ತದೆ. ಅದೇ ನಿಯಮಗಳಡಿ, ಔಷಧಿ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಸಲ್ಲಬೇಕು. ತಾಯಿ ಅಥವಾ ತಂದೆ ಪ್ರಯೋಗದಲ್ಲಿದ್ದ ಕಾರಣಕ್ಕೆ ಗರ್ಭದ ಮಗುವಿಗೆ ಆದ ಹಾನಿಯೂ ಇದರೊಳಗೆ ಬರುತ್ತದೆ. ಮಗುವಿನ ಹೆಸರಿನ ಈ ವಾಕ್ಯ ಕಾಗದದಲ್ಲಿ ಇಲ್ಲದಿದ್ದರೆ ಸೇರಿಸಿ ಎಂದು ಕೇಳಿ. ಬೇಡವೆಂದರೂ, ನಡುವೆ ಬಿಟ್ಟರೂ, ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲುವಂತಿಲ್ಲ.

ನಮ್ಮ ಕಡೆಯ ಒಂದು ತೊಡಕು ಯಾವ ವಿದೇಶಿ ಮಾದರಿಯ ಕಾಗದದಲ್ಲೂ ಇರುವುದಿಲ್ಲ: ತವರು. ಸೀಮಂತ ಮುಗಿಸಿ ಹೆಣ್ಣುಮಗಳು ತವರಿಗೆ ಹೊರಡುವುದು, ಅಧ್ಯಯನದ ಮುಖ್ಯ ಭೇಟಿಗಳು 32, 34, 36ನೆಯ ವಾರಗಳಲ್ಲಿ ಬೀಳುವುದು, ಎರಡೂ ಒಂದೇ ಹೊತ್ತಿಗೆ. ದಾವಣಗೆರೆಯಲ್ಲಿ ಸೇರಿದವಳು ಶಿರಸಿಯಲ್ಲಿ ಹೆತ್ತರೆ ಲೆಕ್ಕದಿಂದ ಬಿಟ್ಟುಹೋಗುತ್ತಾಳೆ. ಆದ್ದರಿಂದ ಹೆರಿಗೆ ಎಲ್ಲಿ ಎಂಬುದನ್ನು ಸಹಿಗೆ ಮೊದಲೇ ಹೇಳಿ. ಬಸ್ಸಿನ ಖರ್ಚು ಕೊಡುತ್ತಾರೆಯೇ, ರಕ್ತವನ್ನು ತವರೂರಿನಲ್ಲೇ ಕೊಡಬಹುದೇ ಎಂದು ಕೇಳಿ. ಅಧ್ಯಯನದ ಹೆಸರು, ಮಾತ್ರೆಯ ವಿವರ, ತುರ್ತಿಗೆ ಕರೆಯಬೇಕಾದ ಸಂಖ್ಯೆಯನ್ನು ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಿ. ತವರೂರಿನ ವೈದ್ಯರಿಗೂ ಆಶಾ ಕಾರ್ಯಕರ್ತೆಗೂ ಅದನ್ನು ತೋರಿಸಿ. ಔಷಧಿ ಯಾವುದೆಂದು ತಿಳಿಯಲೇಬೇಕಾದ ತುರ್ತು ಬಂದರೆ ಗುಟ್ಟನ್ನು ಒಡೆಯುವ ವ್ಯವಸ್ಥೆ ರಾತ್ರಿಯಲ್ಲೂ ಇದೆಯೇ ಎಂಬುದು ಗಂಡಾಂತರ ಗರ್ಭಿಣಿಯ ಮನೆಯವರು ಬಿಡದೆ ಕೇಳಬೇಕಾದ ಪ್ರಶ್ನೆ.

ಸೇರಿದ ಮೇಲೆ ದಿನಕ್ಕೊಂದು ಸಾಲು ಬರೆದಿಡಿ: ರಾತ್ರಿ ಎಷ್ಟು ಸಲ ಎದ್ದಿರಿ, ಹತ್ತಕ್ಕೆ ಎಷ್ಟು ತುರಿಕೆ, ಮಗುವಿನ ಮಿಸುಕಾಟ ಎಂದಿನಂತಿದೆಯೇ. ವೈದ್ಯೆಗೆ ಸಂತೋಷವಾಗಲೆಂದು ತುರಿಕೆಯನ್ನು ಕಡಿಮೆ ಮಾಡಿ ಹೇಳಬೇಡಿ. ನಮ್ಮ ಹೆಣ್ಣುಮಕ್ಕಳ ಈ ದಾಕ್ಷಿಣ್ಯದಿಂದ ಲೆಕ್ಕವೇ ಕೆಡುತ್ತದೆ.

ಹೆರಿಗೆಯಾದ ಮೇಲೆ ಪಿತ್ತಸ್ತಂಭನದ ತುರಿಕೆ ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಆದರೂ ನಾಲ್ಕು ವಾರ ಕಳೆದ ಮೇಲೆ, ಬಾಣಂತನದ ನಡುವೆಯೇ, ಯಕೃತ್ತಿನ ಪರೀಕ್ಷೆ ಮಾಡಿಸಿ ಎಲ್ಲ ಸರಿಹೋಗಿದೆ ಎಂದು ಖಚಿತಪಡಿಸಿಕೊಳ್ಳಬೇಕು. ಮುಂದಿನ ಬಸುರಿನಲ್ಲಿ ಇದು ಮರುಕಳಿಸುವುದುಂಟು. ಪೆಂಫಿಗಾಯ್ಡ್ ಇದ್ದ ತಾಯಿಯ ಹತ್ತು ಶಿಶುಗಳಲ್ಲಿ ಸುಮಾರು ಒಂದಕ್ಕೆ ಗುಳ್ಳೆಗಳು ಕಂಡು ಕೆಲವು ವಾರಗಳಲ್ಲಿ ಮಾಯವಾಗುತ್ತವೆ; ಅದನ್ನು ದೃಷ್ಟಿಯೆಂದು ತಿಳಿಯದೆ ಮಕ್ಕಳ ವೈದ್ಯರಿಗೆ ತೋರಿಸಿ. ಅಧ್ಯಯನ ಮುಗಿದಾಗ ಏನು ಕಂಡುಬಂತೆಂದು ತಿಳಿಸುತ್ತಾರೆಯೇ ಎಂಬುದನ್ನೂ ಸಹಿಯ ದಿನವೇ ಕೇಳಿ, ಹೌದೆಂದರೆ ತವರಿನ ವಿಳಾಸವನ್ನಲ್ಲ, ಆಗ ನೀವು ಇರುವ ಮನೆಯ ವಿಳಾಸವನ್ನು ಬರೆಸಿ.